ಬಾಯಮ್ಮನ ಐವತ್ತನಾಲ್ಕು ಎಲುಬುಗಳು

ದೇಹದಾನದ ಅರ್ಜಿ ಹಿಡಿದು ಬರುವವರಲ್ಲಿ ಹೆಚ್ಚಿನವರು ಕಣ್ಣಿನ ವಿಷಯ ಕೇಳುತ್ತಾರೆ, ಇಲ್ಲವೇ ಹೃದಯದ ವಿಷಯ. ಶಂಕರಪುರದ ಆ ಬಾಯಮ್ಮ ಮಾತ್ರ ಕುರ್ಚಿಯಲ್ಲಿ ಕೂತವರೇ ತಮ್ಮ ಎರಡೂ ಕೈಗಳನ್ನು ನನ್ನ ಮೇಜಿನ ಮೇಲೆ ಚಾಚಿಟ್ಟರು. ಬೆರಳಿನ ಗೆಣ್ಣುಗಳು ದಪ್ಪವಾಗಿ ಉಬ್ಬಿದ್ದವು. ಒಂದೆರಡು ಬೆರಳುಗಳ ತುದಿ ಪಕ್ಕಕ್ಕೆ ವಾಲಿತ್ತು.

"ಹೆಬ್ಬೆರಳಿನ ಬುಡ ನೋಡು ಮಾರಾಯ. ಅಲ್ಲಿ ಎಂತ ಉಂಟು? ಮಣಿಪಾಲದ ಡಾಕ್ಟರು ಸವೆದಿದೆ ಅಂತ ಮಾತ್ರ ಹೇಳಿದರು. ಎಂತ ಸವೆದದ್ದು ಅಂತ ಹೇಳಲಿಲ್ಲ."

ನಾನು ಡಾಕ್ಟರಲ್ಲ. ಉಡುಪಿ ಕಡೆಯ ಒಂದು ಕಾಲೇಜಿನ ಅಂಗರಚನಾ ವಿಭಾಗದಲ್ಲಿ ತಂತ್ರಜ್ಞ. ದಾನವಾಗಿ ಬಂದ ದೇಹಗಳನ್ನು ಕಾಪಾಡುವುದು, ಪಾಠ ಮುಗಿದ ಮೇಲೆ ಎಲುಬುಗಳನ್ನು ಶುಚಿಮಾಡಿ ಜೋಡಿಸುವುದು ನನ್ನ ಕೆಲಸ. ಆದರೆ ಕೇಳಿದರೆ ಉತ್ತರ ಹೇಳದೆ ಇರುವ ಜಾತಿ ನಾನಲ್ಲ. ಕಿವಿಯ ಅಂಚನ್ನು ಮಡಚಿ ನೋಡಲು ಹೇಳಿದೆ. ಮಡಚಿದರೆ ಬಾಗುತ್ತದೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಅದು ಮೃದ್ವಸ್ಥಿ. ಅದರದ್ದೇ ಇನ್ನೊಂದು ಬಗೆ, ಇನ್ನಷ್ಟು ನುಣುಪಾದದ್ದು, ಕೀಲುಗಳೊಳಗೆ ಎಲುಬಿನ ತುದಿಗೆ ಹೊದಿಕೆಯ ಹಾಗೆ ಇರುತ್ತದೆ. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಸವೆಯುವಾಗ ನೋವೂ ಹೇಳುವುದಿಲ್ಲ, ಸವೆದರೆ ಮತ್ತೆ ಬೆಳೆಯುವುದೂ ಕಷ್ಟ. ಪೂರ್ತಿ ಹೋದ ಮೇಲೆ ಎಲುಬಿಗೆ ಎಲುಬು ತಾಗಿ ಉಜ್ಜುತ್ತದೆ.

"ಹಾಗಾದರೆ ಅಲ್ಲಿ ಎಂತದೂ ಇಲ್ಲ, ಅಲ್ವಾ?" ಎಂದರು ಬಾಯಮ್ಮ.

"ಇಲ್ಲ ಬಾಯಮ್ಮ. ಅದೇ ತೊಂದರೆ."

ಅವರಿಗೆ ನಗು ಬಂತು. ಬುದ್ಧಿ ಬಂದಾಗಿನಿಂದ ಮಲ್ಲಿಗೆ ಕಟ್ಟಿದ ಕೈ ಇದು, ಮಕ್ಕಳಿಗೆ ತೋರಿಸಿ, ಎಲುಬು ಹೇಗೆ ಸವೆಯುತ್ತದೆ ಅಂತ ನೋಡಿಕೊಳ್ಳಲಿ ಎಂದರು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಮನೆಯಲ್ಲಿ ಅವರದ್ದು ಕೊಂಕಣಿ; ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು.

ಪಕ್ಕದಲ್ಲಿ ಅವರ ಮಗಳು ಕೂತಿದ್ದರು. ಕಾರ್ಕಳದ ಹೈಸ್ಕೂಲಿನಲ್ಲಿ ಟೀಚರ್. ಹತ್ತಿರದ ಸಂಬಂಧಿಕರ ಸಹಿ ಬೇಕಾದ ಜಾಗದ ಮೇಲೆ ಪೆನ್ನು ಹಿಡಿದವರು ಎಷ್ಟು ಹೊತ್ತಾದರೂ ಸಹಿ ಹಾಕಲಿಲ್ಲ.

"ನಮ್ಮಲ್ಲಿ ನವೆಂಬರದಲ್ಲಿ ಸತ್ತವರ ದಿನ ಅಂತ ಉಂಟು. ಇಗರ್ಜಿಯ ಸಿಮಿತ್ರಿಗೆ ಎಲ್ಲರೂ ಹೋಗ್ತಾರೆ, ತಮ್ಮವರ ಗೋರಿಯ ಮೇಲೆ ಹೂ ಇಟ್ಟು ಮೇಣದಬತ್ತಿ ಹಚ್ತಾರೆ. ನಾನು ಎಲ್ಲಿಗೆ ಹೋಗುವುದು?" ಎಂದು ಕೇಳಿದರು. ಬಾಯಮ್ಮ ಕಿಟಕಿಯ ಹೊರಗೆ ನೋಡಿದರು. ಈ ಮಾತು ಮನೆಯಲ್ಲಿ ಎಷ್ಟೋ ಸಲ ಆಗಿಹೋಗಿದೆ ಎಂದು ಗೊತ್ತಾಗುತ್ತಿತ್ತು.

ಕಡೆಗೆ ಮಗಳು ಒಂದು ಷರತ್ತು ಹಾಕಿದರು. "ನಿಮ್ಮಲ್ಲಿ ಎಲುಬುಗಳನ್ನು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಹಾಕಿ ವಿದ್ಯಾರ್ಥಿಗಳಿಗೆ ಕೊಡ್ತಾರಂತೆ. ನನ್ನ ಅಮ್ಮನನ್ನು ಹಾಗೆ ಹಂಚಬಾರದು. ಇಟ್ಟರೆ ಇಡೀ ಇಡಬೇಕು."

"ಇಡೀ ಇಡ್ತೇನೆ ಟೀಚರ್. ನಾನೇ ಜೋಡಿಸ್ತೇನೆ," ಎಂದುಬಿಟ್ಟೆ. ಹಾಗೆ ಮಾತು ಕೊಡುವ ಅಧಿಕಾರ ನನಗೆ ಇರಲಿಲ್ಲ. ನನ್ನ ಸ್ವಭಾವವೇ ಹಾಗೆ, ಬಾಯಿ ಮುಂದೆ ಹೋಗಿರುತ್ತದೆ, ಬುದ್ಧಿ ಹಿಂದಿನಿಂದ ಓಡಿ ಬರುತ್ತದೆ. ಅವರು ಸಹಿ ಹಾಕಿದರು.

ಬಾಯಮ್ಮ ತೀರಿಕೊಂಡದ್ದು ಮತ್ತೆರಡು ವರ್ಷ ಕಳೆದ ಮೇಲೆ. ಒಂದು ವರ್ಷ ಅವರು ವಿದ್ಯಾರ್ಥಿಗಳ ಮೇಜಿನ ಮೇಲಿದ್ದರು. ನಮ್ಮ ವಿಭಾಗದ ಮ್ಯೂಸಿಯಮ್ಮಿನಲ್ಲಿದ್ದ ಹಳೆಯ ಅಸ್ಥಿಪಂಜರ ಸೊಂಟದ ಬಳಿ ಜೋತುಬಿದ್ದಿತ್ತು. ಹೊಸದೊಂದನ್ನು ನಾವೇ ಮಾಡೋಣ, ಈ ಅಮ್ಮನದ್ದೇ ಆಗಲಿ ಎಂದು ನಾನು ವಿಭಾಗದ ಮುಖ್ಯಸ್ಥೆಯವರ ಬೆನ್ನು ಬಿದ್ದೆ. ಮೇಡಂ ಕಟ್ಟುನಿಟ್ಟಿನವರು, ಆದರೆ ಕೆಲಸ ಗೊತ್ತಿದ್ದವರ ಮಾತಿಗೆ ಬೆಲೆ ಕೊಡುತ್ತಾರೆ. ನವೆಂಬರದಲ್ಲಿ ಹೊಸ ವಿದ್ಯಾರ್ಥಿಗಳು ಬರುವ ಮೊದಲು ಮುಗಿಸಬೇಕು ಎಂದು ಹೇಳಿ ಒಪ್ಪಿದರು.

ಎಲುಬು ಶುಚಿಮಾಡುವುದೆಂದರೆ ನೀರಿನ ಕೆಲಸ. ಮಾಂಸವನ್ನು ಕೈಯಿಂದ ಆದಷ್ಟು ಬಿಡಿಸಿದ ಮೇಲೆ ವಾಷಿಂಗ್ ಸೋಡಾ, ಸಾಬೂನು ಹಾಕಿದ ಬಿಸಿನೀರಿನ ತೊಟ್ಟಿಯಲ್ಲಿ ದಿನಗಟ್ಟಲೆ ಇಡಬೇಕು. ಕುದಿಯಲು ಬಿಡಬಾರದು. ಕುದಿದರೆ ಕೊಬ್ಬು ಎಲುಬಿನೊಳಕ್ಕೆ ಇಳಿದು ಮುಂದೆ ಹಳದಿ ಕಲೆಯಾಗುತ್ತದೆ. ಕೈ ಅದ್ದಲಾಗದಷ್ಟು ಬಿಸಿ ಸಾಕು. ಮೊದಲು ಸ್ನಾಯು ಬಿಡುತ್ತದೆ, ಆಮೇಲೆ ಕೀಲಿನ ಕಟ್ಟುಗಳು. ಕೊನೆಗೆ ಮೃದ್ವಸ್ಥಿ ಗಂಜಿಯ ಕೆನೆಯ ಹಾಗೆ ಮೆತ್ತಗಾಗಿ ಹಲ್ಲುಜ್ಜುವ ಬ್ರಷ್ಷಿಗೆ ಬರುತ್ತದೆ. ಹೀಗೆ ಎಲುಬು ಉಳಿಸಿಕೊಳ್ಳುವವನು ಮೃದ್ವಸ್ಥಿಯನ್ನು ಕಳೆದುಕೊಳ್ಳಲೇಬೇಕು. ಕಳೆದದ್ದಕ್ಕೆಲ್ಲ ಆಮೇಲೆ ಬದಲಿ ಮಾಡುತ್ತೇವೆ. ಬೆನ್ನುಮೂಳೆಯ ಮಣಿಗಳ ನಡುವೆ ಫೆಲ್ಟ್ ಎಂಬ ದಪ್ಪ ಉಣ್ಣೆಬಟ್ಟೆಯ ತುಂಡು, ಪಕ್ಕೆಲುಬಿನ ಮುಂಭಾಗಕ್ಕೆ ತಂತಿ ತುಂಬಿದ ಬಿಳಿ ರಬ್ಬರ್ ಕೊಳವೆ, ಬೆರಳಿನ ಕೀಲುಗಳಿಗೆ ತೆಳ್ಳಗಿನ ಫೆಲ್ಟ್. ಹಾಗೆ ಮಾಡದಿದ್ದರೆ ಮನುಷ್ಯ ಅರ್ಧ ಗೇಣು ಗಿಡ್ಡನಾಗುತ್ತಾನೆ.

ದೊಡ್ಡ ಎಲುಬುಗಳ ಚಿಂತೆ ಇಲ್ಲ. ಕೈಯ ಸಣ್ಣ ಎಲುಬುಗಳದ್ದೇ ತಲೆಬಿಸಿ. ಒಂದು ಕೈಯಲ್ಲಿ ಇಪ್ಪತ್ತೇಳು. ಬಲದ್ದು ಬೇರೆ, ಎಡದ್ದು ಬೇರೆ ಚೀಲದಲ್ಲಿ ಕಟ್ಟಿ ತೊಟ್ಟಿಗೆ ಇಳಿಸಬೇಕು. ಈ ಚೀಲಗಳನ್ನು ನಾನು ಕಾಪುವಿನ ನಮ್ಮ ಮನೆಯ ಹಳೆಯ ಸಣ್ಣಕಣ್ಣಿನ ಬಲೆಯಿಂದ ಹೊಲಿಯುತ್ತೇನೆ. ಬಲೆ ನೇಯುವ ಮನೆಯಲ್ಲಿ ಹುಟ್ಟಿದವನಿಗೆ ಅಂಗಡಿಯ ಚೀಲ ಹಿಡಿಸುವುದಿಲ್ಲ. ಬಾಯಿಗೆ ನೈಲಾನ್ ದಾರ, ಅಪ್ಪ ಕಲಿಸಿದ ಗಂಟು. ಆ ಗಂಟು ಬಿಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹಿಂದೆ ಶುಚಿಮಾಡಿದ ಎಲುಬುಗಳೆಲ್ಲ ಬಿಡಿ ಪೆಟ್ಟಿಗೆಗೆ, ಇಲ್ಲವೇ ಒಂದೊಂದೇ ಕೈ ಕಾಲು ಜೋಡಿಸಲು ಹೋಗುವಂಥವು, ಎರಡೇ ದಿನ ನೀರಿನಲ್ಲಿ ಇರುತ್ತಿದ್ದವು. ಬಾಯಮ್ಮನ ಎಲುಬು ಚೆನ್ನಾಗಿ ಬರಲಿ ಎಂದು ಈ ಸಲ ಎಂಟು ದಿನ ಇಟ್ಟೆ, ಸಾಬೂನೂ ಸ್ವಲ್ಪ ಜಾಸ್ತಿ.

ಒಂಬತ್ತನೆಯ ದಿನ ಬೆಳಿಗ್ಗೆ ಚೀಲ ಎತ್ತಿದರೆ ಹಗುರವಾಗಿತ್ತು. ಇನ್ನೊಂದನ್ನು ಎತ್ತಿದೆ, ಅದೂ ಹಾಗೆಯೇ. ಎರಡರ ಬಾಯಿಯೂ ತೆರೆದಿತ್ತು. ಸಮುದ್ರದ ತಣ್ಣನೆಯ ಉಪ್ಪುನೀರಿನಲ್ಲಿ ಬಿಗಿಯುವ ಗಂಟು ಬಿಸಿ ಸಾಬೂನಿನಲ್ಲಿ ಜಾರಿಹೋಗಿತ್ತು. ಬಾಯಮ್ಮನ ಎರಡೂ ಕೈಗಳು ತೊಟ್ಟಿಯ ತಳದಲ್ಲಿ ಬೆರೆತು ಬಿದ್ದಿದ್ದವು.

ನೀರನ್ನು ಬಟ್ಟೆಯಲ್ಲಿ ಸೋಸಿ ಸೋಸಿ ತೆಗೆದೆ. ಐವತ್ತನಾಲ್ಕೂ ಸಿಕ್ಕಿದವು. ಅದೊಂದು ಸಮಾಧಾನ. ಆದರೆ ಯಾವುದು ಯಾವ ಕೈಯದು? ಬಿಳಿ ಟವೆಲಿನ ಮೇಲೆ ಅವುಗಳನ್ನು ಹರಡಿ ಕೂತಾಗ ನನಗೆ ನಿಜಕ್ಕೂ ಅಳು ಬಂತು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಂಥ ತಪ್ಪು ಮಾಡಿರಲಿಲ್ಲ. ಮಾಡಿದ್ದು ಮಾತು ಕೊಟ್ಟ ಕೆಲಸದಲ್ಲಿಯೇ.

ಮುಚ್ಚಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನದ ಊಟದವರೆಗೂ ಅದೇ ಯೋಚನೆಯಲ್ಲಿದ್ದೆ. ಊಟ ಸೇರಲಿಲ್ಲ, ಎದ್ದು ಹೋಗಿ ಮೇಡಂಗೆ ಹೇಳಿದೆ.

ಅವರು ಬಂದು ಟವೆಲಿನ ಮುಂದೆ ನಿಂತರು. "ಮಣಿಕಟ್ಟಿನ ಎಂಟೆಂಟು, ಅಂಗೈಯ ಐದೈದು ಎಲುಬುಗಳನ್ನು ಆಕಾರ ನೋಡಿ ಎಡ ಬಲ ಹೇಳಬಹುದು. ಬೆರಳಿನ ಎಲುಬುಗಳನ್ನು ಹೇಗೆ ಹೇಳ್ತೀರಿ? ಒಂದು ಕೈಯಲ್ಲಿ ಹದಿನಾಲ್ಕು. ಎರಡೂ ಕಡೆಯವು ಒಂದೇ ಥರ."

"ಒಂದು ವಾರ ಕೊಡಿ ಮೇಡಂ."

"ಕೊಡ್ತೇನೆ. ಆಗದಿದ್ದರೆ ಪ್ಲಾಸ್ಟಿಕ್ ಕೈ ಹಾಕಿ. ತಪ್ಪು ಕೈ ತೋರಿಸಿ ಪಾಠ ಮಾಡಲಿಕ್ಕೆ ಆಗುವುದಿಲ್ಲ. ಇವೆಲ್ಲ ಬಿಡಿ ಎಲುಬಿನ ಪೆಟ್ಟಿಗೆಗೆ ಹೋಗಲಿ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬಿಡಿ ಎಲುಬಿನ ಪೆಟ್ಟಿಗೆ ಎಂದರೆ ಬಾಯಮ್ಮನ ಮಗಳು ಯಾವುದನ್ನು ಬೇಡ ಎಂದಿದ್ದರೋ ಅದೇ. ಅದರಲ್ಲೂ ಕೈಗಳು. ಮಕ್ಕಳಿಗೆ ತೋರಿಸಿ ಎಂದು ಮೇಜಿನ ಮೇಲೆ ಚಾಚಿಟ್ಟ ಕೈಗಳು.

ಎಲುಬುಗಳು ಬಿಳಿಯಾಗಲು ಪೆರಾಕ್ಸೈಡ್ ಕೊಟ್ಟು, ನೆರಳಿನಲ್ಲಿ ಒಣಗಿಸಿ, ಭೂತಗನ್ನಡಿ ಹಿಡಿದು ಕೂತೆ. ಮೇಡಂ ಹೇಳಿದ ಹಾಗೆ ಮಣಿಕಟ್ಟು ಮತ್ತು ಅಂಗೈ ಒಂದೂವರೆ ದಿನದಲ್ಲಿ ಸರಿಹೋಯಿತು. ಬೆರಳುಗಳ ಹತ್ತಿರ ಬಂದಾಗ ಒಂದು ವಿಷಯ ಗಮನಕ್ಕೆ ಬಂತು. ಚೆನ್ನಾಗಿದ್ದ ಕೀಲುಗಳು ನನಗೆ ಏನೂ ಹೇಳುತ್ತಿರಲಿಲ್ಲ. ಅಲ್ಲಿ ಮೃದ್ವಸ್ಥಿ ಇದ್ದು ಈಗ ಹೋಗಿದೆ, ಉಳಿದ ಎಲುಬಿನ ತುದಿಗಳು ಒಂದಕ್ಕೊಂದು ಸಡಿಲ. ಯಾರ ಜೊತೆ ಇಟ್ಟರೂ ಕೂರುತ್ತವೆ, ಯಾರ ಜೊತೆಗೂ ಸರಿಯಾಗಿ ಕೂರುವುದಿಲ್ಲ. ಆದರೆ ಕೆಟ್ಟಿದ್ದ ಕೀಲುಗಳಲ್ಲಿ ಎಲುಬಿಗೆ ಎಲುಬು ಉಜ್ಜಿ ದಂತದ ಹಾಗೆ ಹೊಳಪು ಬಂದಿತ್ತು. ಹೊಳಪಿನ ಮೇಲೆ ಸಣ್ಣ ಸಣ್ಣ ಗೀರುಗಳು. ಒಂದರ ಗೀರು ಇನ್ನೊಂದರ ಗೀರಿಗೆ ಸರಿಯಾಗಿ ಹೊಂದುತ್ತಿತ್ತು. ಎರಡನ್ನೂ ಸೇರಿಸಿದರೆ ಬೀರುವಿನ ಬಾಗಿಲು ಹಾಕಿದ ಹಾಗೆ ಗಟ್ಟಿಯಾಗಿ ಕೂರುತ್ತಿದ್ದವು. ಬಾಯಮ್ಮನಿಗೆ ಎಲ್ಲಿ ನೋವಿತ್ತೋ ಅಲ್ಲಿ ಮಾತ್ರ ನನಗೆ ದಾರಿ ಸಿಗುತ್ತಿತ್ತು.

ಹೀಗೆ ಸವೆದ ಎರಡು ಬೆರಳುಗಳು, ತೋರುಬೆರಳು ಮತ್ತು ನಡುಬೆರಳು, ಬುಡದಿಂದ ತುದಿಯವರೆಗೆ ಒಟ್ಟಾದವು. ಜೊತೆಗೆ ಒಂದು ಕಿರುಬೆರಳಿನ ತುದಿಯ ಎರಡು ಎಲುಬುಗಳು. ಎರಡೂ ಹೆಬ್ಬೆರಳುಗಳ ಪೈಕಿ ಎಡಗೈಯದರ ಬುಡ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಬುಡ ಮಣಿಕಟ್ಟಿಗೆ ಸೇರುವಂಥದ್ದು, ಹಾಗಾಗಿ ಅದು ಎಡದ್ದೇ, ಸಂಶಯವಿಲ್ಲ. ಆದರೆ ಸವೆದ ಬೆರಳುಗಳು ಯಾವ ಕೈಯವು? ಅಂಗೈ ಎಲುಬಿಗೆ ಸೇರುವ ಅವುಗಳ ಬುಡ ಚೆನ್ನಾಗಿಯೇ ಇತ್ತು, ಹಾಗಾಗಿ ಅಲ್ಲಿ ಗುರುತು ಇರಲಿಲ್ಲ. ಜೀವನವಿಡೀ ದುಡಿದದ್ದು ಬಲಗೈ ತಾನೇ ಎಂದು ಬಲಗೈಗೆ ಜೋಡಿಸಿ ಇಟ್ಟೆ. ಕಿರುಬೆರಳೂ ಅಲ್ಲಿಯೇ ಇರಲಿ ಎಂದುಕೊಂಡೆ. ಮರುದಿನ ನೋಡಿದರೆ ಮನಸ್ಸು ಒಪ್ಪಲಿಲ್ಲ. ಎಡಗೈಯ ಹೆಬ್ಬೆರಳು ಒಬ್ಬಂಟಿಯಾಗಿ ಅಷ್ಟು ಸವೆಯಲು ಏನು ಮಾಡುತ್ತಿತ್ತು? ಹೆಬ್ಬೆರಳು ಒತ್ತಬೇಕಾದರೆ ಎದುರಿಗೆ ಇನ್ನೊಂದು ಬೆರಳು ಬೇಡವೇ?

ನಾನು ಬಲೆಯ ಗಂಟು ಬಲ್ಲವನು, ಹೂ ಕಟ್ಟುವುದನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದವನು. ಆದಿತ್ಯವಾರ ಬೆಳಿಗ್ಗೆ ಕಟಪಾಡಿಯಲ್ಲಿ ಬಸ್ಸು ಬದಲಿಸಿ ಶಂಕರಪುರಕ್ಕೆ ಹೋದೆ.

ಟೀಚರ್ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ಮುಂದೆ ಒದ್ದೆ ಬಟ್ಟೆಯ ಮೇಲೆ ಮೊಗ್ಗುಗಳ ರಾಶಿ, ಪಕ್ಕದಲ್ಲಿ ಬಾಳೆನಾರು. ಹೂ ಒಯ್ಯುವ ಜನ ಬರುವುದರೊಳಗೆ ಮಾಲೆ ಕಟ್ಟಿ ಚೆಂಡು ಸುತ್ತಿ ಆಗಬೇಕು, ಹಾಗಾಗಿ ಎದ್ದು ನಿಲ್ಲಲಿಲ್ಲ. ಕಣ್ಣಿನಲ್ಲೇ ಕೂರಲು ಹೇಳಿದರು.

ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಟೀಚರ್, ನನ್ನಿಂದ ತಪ್ಪಾಗಿದೆ. ಅಮ್ಮನ ಎರಡು ಕೈಯ ಎಲುಬು ಬೆರೆತುಹೋಗಿವೆ," ಎಂದೆ.

ಅವರ ಕೈ ನಿಲ್ಲಲಿಲ್ಲ. ನಾಲ್ಕು ಮೊಗ್ಗು ಇಟ್ಟರು, ನಾರು ಸುತ್ತಿದರು, ಎಳೆದರು. ಮತ್ತೆ ನಾಲ್ಕು.

"ಕಳೆದುಹೋಗಿದೆಯಾ?" ಎಂದರು ಕಡೆಗೆ.

"ಇಲ್ಲ. ಎಲ್ಲ ಉಂಟು. ಯಾವುದು ಎಡ, ಯಾವುದು ಬಲ ಅಂತ ಗೊತ್ತಾಗುವುದಿಲ್ಲ. ವಾರದೊಳಗೆ ಗೊತ್ತಾಗದಿದ್ದರೆ ಬಿಡಿ ಪೆಟ್ಟಿಗೆಗೆ ಹಾಕಬೇಕಾಗುತ್ತದೆ. ಅಮ್ಮ ಹೂ ಹೇಗೆ ಕಟ್ಟುತ್ತಿದ್ದರು ಅಂತ ನೋಡಲಿಕ್ಕೆ ಬಂದೆ."

"ಹಾಗಾದರೆ ನೋಡಿ," ಎಂದರು. ಸ್ವರದಲ್ಲಿ ಸಿಟ್ಟಿತ್ತು, ಆದರೆ ಕೈಗಳನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿದರು.

ನೋಡಿದೆ. ಬಲಗೈ ಓಡಾಡುತ್ತಿತ್ತು, ಮೊಗ್ಗು ಹೆಕ್ಕುತ್ತಿತ್ತು, ನಾರು ಸುತ್ತುತ್ತಿತ್ತು. ಅದಕ್ಕೆ ವಿಶ್ರಾಂತಿಯೂ ಇತ್ತು. ಎಡಗೈ ಮಾತ್ರ ಅಲ್ಲಾಡುತ್ತಿರಲಿಲ್ಲ. ಹೆಬ್ಬೆರಳು ಒಂದು ಕಡೆ, ತೋರುಬೆರಳು ನಡುಬೆರಳು ಇನ್ನೊಂದು ಕಡೆ, ನಡುವೆ ಹೂವಿನ ತೊಟ್ಟುಗಳನ್ನು ಚಿವುಟಿದ ಹಾಗೆ ಹಿಡಿದೇ ಇತ್ತು. ಸಡಿಲ ಬಿಟ್ಟರೆ ಕಟ್ಟಿದ್ದು ಬಿಚ್ಚುತ್ತದೆ. ದುಡಿಯುವುದು ಬಲಗೈ ಎಂದು ಕಾಣುತ್ತಿತ್ತು, ಸವೆಯುವುದು ಎಡಗೈ.

"ಕಿರುಬೆರಳು?" ಎಂದು ಕೇಳಿದೆ. "ಒಂದು ಕಿರುಬೆರಳಿನ ತುದಿ ಸವೆದಿದೆ. ನಿಮ್ಮ ಕಿರುಬೆರಳಿಗೆ ಇದರಲ್ಲಿ ಕೆಲಸವೇ ಇಲ್ಲವಲ್ಲ."

ಟೀಚರ್ ಮೊದಲ ಸಲ ಕೈ ನಿಲ್ಲಿಸಿದರು. "ನನಗೆ ಇಲ್ಲ. ಅಮ್ಮನಿಗೆ ಇತ್ತು. ನಾರನ್ನು ಬಲಗೈಯ ಕಿರುಬೆರಳಿಗೆ ಒಂದು ಸುತ್ತು ಹಾಕಿ ಎಳೀತಿದ್ದರು. ಹಾಗೆ ಎಳೆದರೆ ಬಿಗಿ ಬರುತ್ತದೆ ಅಂತ. ನನಗೂ ಕಲಿಸಲಿಕ್ಕೆ ನೋಡಿದರು, ಬೆರಳು ನೋಯುತ್ತದೆ ಅಂತ ನಾನು ಕಲಿಯಲಿಲ್ಲ." ತಮ್ಮ ಕಿರುಬೆರಳನ್ನು ಒಮ್ಮೆ ಮಡಚಿ ನೋಡಿ ಕೇಳಿದರು, "ಅದು ಎಲುಬಿನಲ್ಲಿ ಕಾಣ್ತದಾ?"

"ಕಾಣ್ತದೆ ಟೀಚರ್."

ಅವರು ಒಳಗೆ ಹೋಗಿ ಚಹಾ ತಂದರು. ಹೊರಡುವಾಗ ಒಂದೇ ಮಾತು ಹೇಳಿದರು, "ಸರಿಯಾದ ಮೇಲೆ ನಾನು ನೋಡಬೇಕು."

ಸೋಮವಾರ ಎರಡು ಸವೆದ ಬೆರಳುಗಳನ್ನು ಎಡಗೈಗೆ ತಂದೆ, ಕಿರುಬೆರಳನ್ನು ಬಲಗೈಯಲ್ಲೇ ಉಳಿಸಿದೆ. ಅಷ್ಟಾದ ಮೇಲೆ ಉಳಿದ ಬೆರಳುಗಳಿಗೆ ಉದ್ದ, ದಪ್ಪ ಅಳೆದು ಜೊತೆ ಹುಡುಕುವುದು ಸುಲಭವಾಯಿತು. ಮೇಡಂ ಒಂದೊಂದನ್ನೂ ಮತ್ತೆ ಪರೀಕ್ಷೆ ಮಾಡಿದರು. ಎಡ ಬಲ ಖಚಿತವಿಲ್ಲದ ನಾಲ್ಕು ಎಲುಬುಗಳು ಕೊನೆಗೂ ಉಳಿದವು. ಅವುಗಳನ್ನು ನಮ್ಮ ಅಂದಾಜಿನಂತೆ ಇಟ್ಟು, ಅಂದಾಜು ಎಂದೇ ರಿಜಿಸ್ಟರಿನಲ್ಲಿ ಬರೆದೆವು. "ಇಷ್ಟು ಸಾಕು, ಪ್ಲಾಸ್ಟಿಕ್ ಬೇಡ," ಎಂದರು ಮೇಡಂ.

ತಂತಿ ಹಾಕುವಾಗ ಇನ್ನೊಂದು ತೊಡಕು. ಅಸ್ಥಿಪಂಜರದ ಕೈಗಳು ಇಳಿಬಿಟ್ಟು, ಅಂಗೈ ಮುಂದಕ್ಕೆ, ಬೆರಳು ನೇರ ಇರಬೇಕೆಂಬುದು ಪುಸ್ತಕದ ನಿಯಮ. ಬಲಗೈ ಹಾಗೆ ನಿಂತಿತು. ಎಡಗೈಯ ಹೆಬ್ಬೆರಳನ್ನು ನೇರ ಮಾಡಿದರೆ ಬುಡದ ಗೀರುಗಳು ಒಂದನ್ನೊಂದು ಬಿಟ್ಟು ಎಲುಬು ಓರೆಯಾಗುತ್ತಿತ್ತು. ಒಳಕ್ಕೆ ಬಾಗಿಸಿ ತೋರುಬೆರಳಿನ ಎದುರು ತಂದರೆ ಮಾತ್ರ ಹೊಂದುತ್ತಿತ್ತು. ಎರಡು ದಿನ ಆ ಹೆಬ್ಬೆರಳಿನ ಜೊತೆ ಗುದ್ದಾಡಿದೆ. ಆಮೇಲೆ ಮೇಡಂ ಹತ್ತಿರ ಹೋಗಿ, ಎಡಗೈಯನ್ನು ಹೂ ಹಿಡಿದ ಹಾಗೆಯೇ ನಿಲ್ಲಿಸುತ್ತೇನೆ ಎಂದೆ.

"ನಿಯಮ ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು ಮೇಡಂ. ಈ ಕೈಗೆ ಗೊತ್ತಿಲ್ಲ."

ಅವರು ಬಂದು ತಾವೇ ಹೆಬ್ಬೆರಳನ್ನು ನೇರ ಮಾಡಿ ನೋಡಿದರು, ಬಾಗಿಸಿ ನೋಡಿದರು. "ಒಂದು ಕೈ ನಿಯಮಕ್ಕೆ ಇರಲಿ, ಒಂದು ಅವರಿಗೆ ಇರಲಿ," ಎಂದು ಹೋದರು.

ಸತ್ತವರ ದಿನ ಹತ್ತು ಗಂಟೆಗೆ ಟೀಚರ್ ಬಂದರು. ಇಗರ್ಜಿಯ ಪೂಜೆ ಮುಗಿಸಿ ನೇರ ಬಂದದ್ದು. ಕೈಯಲ್ಲಿ ಹೂ ಇರಲಿಲ್ಲ. ನೋಡಲು ಮೇಡಂ ಅನುಮತಿ ಕೊಟ್ಟಿದ್ದರು. ನಾನು ಮ್ಯೂಸಿಯಮ್ಮಿನ ಬಾಗಿಲು ತೆರೆದು ಪಕ್ಕಕ್ಕೆ ನಿಂತೆ. ಕಾರ್ಕಳದ ಕಪ್ಪು ಶಿಲೆಯ ಪೀಠದ ಮೇಲೆ ಬಾಯಮ್ಮ ನಿಂತಿದ್ದರು. ಪೀಠಕ್ಕೆ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ.

ಅವರು ಮುಖ ನೋಡಲಿಲ್ಲ, ಎದೆಗೂಡು ನೋಡಲಿಲ್ಲ. ನೇರ ಎಡಗೈಯ ಹತ್ತಿರ ಹೋದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಾಗಿ ನೋಡಿದರು. ನನಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹಾಗಿತ್ತು.

"ಇದು ಸರಿ ಇಲ್ಲ," ಎಂದರು.

ನಾನು ಹತ್ತಿರ ಹೋದೆ.

"ಬೆರಳುಗಳ ನಡುವೆ ಇಷ್ಟು ಜಾಗ ಇರಬಾರದು. ಹೀಗೆ ಹಿಡಿದರೆ ಹೂ ಬಿದ್ದುಹೋಗುತ್ತದೆ. ಅಮ್ಮನ ಕೈಯಿಂದ ಒಂದು ಮೊಗ್ಗು ಬಿದ್ದದ್ದು ನಾನು ನೋಡಿಲ್ಲ."

ನಾನೂ ಬಾಗಿ ನೋಡಿದೆ. ಹೆಬ್ಬೆರಳಿನ ತುದಿಗೂ ತೋರುಬೆರಳಿನ ತುದಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದಿ. ಎಲ್ಲ ಹೊಂದಿಸಿ ಕೂರಿಸಿದ್ದೆನಲ್ಲ, ಇದು ಎಲ್ಲಿಂದ ಬಂತು ಎಂದು ಬುಡಕ್ಕೆ ಕಣ್ಣು ಹಾಯಿಸಿದಾಗ ನಾಚಿಕೆಯಾಯಿತು. ತಂತಿ ಹಾಕುವಾಗ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಪ್ರತಿ ಕೀಲಿಗೂ ಫೆಲ್ಟ್ ಇಟ್ಟುಕೊಂಡು ಹೋಗಿದ್ದೆ. ಹೆಬ್ಬೆರಳಿನ ಬುಡಕ್ಕೂ ಇಟ್ಟಿದ್ದೆ, ಆ ಎರಡು ಬೆರಳುಗಳ ಗೆಣ್ಣಿಗೂ ಇಟ್ಟಿದ್ದೆ. ಅಲ್ಲಿ ಎಂತದೂ ಇಲ್ಲ ಎಂದು ಬಾಯಮ್ಮನಿಗೆ ಹೇಳಿದವನೇ ನಾನು.

ಡ್ರಾಯರಿನಿಂದ ಇಕ್ಕಳ ತಂದೆ. ತಂತಿ ಸಡಿಲಿಸಿ ಹೆಬ್ಬೆರಳಿನ ಬುಡದ ಫೆಲ್ಟನ್ನು ಚಿಮಟಿಯಿಂದ ಎಳೆದು ತೆಗೆದೆ, ಆಮೇಲೆ ಗೆಣ್ಣುಗಳದ್ದನ್ನು. ಎಲುಬಿಗೆ ಎಲುಬು ಸೇರಿಸಿ ತಂತಿ ಬಿಗಿದೆ. ಗೀರಿನಲ್ಲಿ ಗೀರು ಕೂತು ಸಣ್ಣದೊಂದು ಸದ್ದಾಯಿತು. ಮೂರು ಬೆರಳುಗಳ ತುದಿ ಹತ್ತಿರ ಬಂದು, ಮಲ್ಲಿಗೆಯ ತೊಟ್ಟು ಹಿಡಿಯುವಷ್ಟು ಮಾತ್ರ ಸಂದಿ ಉಳಿಯಿತು.

ಟೀಚರ್ ತಮ್ಮ ಎಡಗೈಯನ್ನು ಅದರ ಪಕ್ಕದಲ್ಲಿ ಹಾಗೆಯೇ ಹಿಡಿದು ನೋಡಿದರು.

"ಹೂಂ. ಈಗ ಸರಿ," ಎಂದರು.

ಬಹಳ ಹೊತ್ತು ನಿಂತರು. ನಾನು ಫೆಲ್ಟಿನ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋದೆ. ಹೊಸ ವಿದ್ಯಾರ್ಥಿಗಳು ಹೊರಗೆ ಸಾಲುಗಟ್ಟುವ ಸದ್ದು ಕೇಳಿಸುತ್ತಿತ್ತು. ಹೊರಡುವಾಗ ಟೀಚರ್ ಬಾಗಿಲಲ್ಲಿ ನಿಂತು ತಿರುಗಿದರು.

"ಬರುವ ವರ್ಷ ಈ ದಿನ ಬಾಗಿಲು ತೆರೆದಿರುತ್ತದಾ?"

"ಬೀಗದ ಕೈ ನನ್ನ ಹತ್ತಿರವೇ ಉಂಟು ಟೀಚರ್," ಎಂದೆ.